ಮೂವತ್ತು ತಲೆ

ಪಾಠ ಇಂಗ್ಲಿಷಿನಲ್ಲಿ, ಗದರುವುದೂ ಇಂಗ್ಲಿಷಿನಲ್ಲಿ. ಎಣಿಸುವುದು ಮಾತ್ರ ಕನ್ನಡದಲ್ಲಿ. ಬೆಳಿಗ್ಗೆ ಮಕ್ಕಳು ಸಾಲಾಗಿ ಒಳಗೆ ಬರುವಾಗ ಒಂದು ಸಲ, ಊಟಕ್ಕೆ ಹೋಗುವಾಗ ಒಂದು ಸಲ, ಬೆಂಕಿ ಗಂಟೆಯ ಅಭ್ಯಾಸದ ದಿನ ಜಿಟಿಜಿಟಿ ಮಳೆಯಲ್ಲಿ ನಿಂತು ಇನ್ನೊಂದು ಸಲ. ತುಟಿಯೊಳಗೇ ಒಂದು, ಎರಡು, ಮೂರು. ಮೂವತ್ತು ಮುಟ್ಟಿದ ಮೇಲೆ ನನಗೆ ಉಸಿರು.

ಹಾಸನದ ಒಂದು ಅನುದಾನಿತ ಶಾಲೆಯಲ್ಲಿ ಏಳು ವರ್ಷ ಪಾಠ ಮಾಡಿದವಳು ನಾನು. ಅಲ್ಲಿ ತರಗತಿಗೆ 58 ಮಕ್ಕಳು. ಬೆಳಿಗ್ಗೆ ಹಾಜರಿ ಕೂಗಿದರೆ ಎಣಿಕೆ ಮುಗಿಯಿತು. ಸಂಜೆ ಲಾಂಗ್ ಬೆಲ್ ಆದಮೇಲೆ ಯಾರು ಯಾರ ಸೈಕಲ್ ಹತ್ತಿ ಹೋದರು ಅಂತ ನಾವ್ಯಾರೂ ನೋಡುತ್ತಿರಲಿಲ್ಲ. ಪಶ್ಚಿಮ ಲಂಡನ್ನಿನ ಈ ಪ್ರಾಥಮಿಕ ಶಾಲೆಯಲ್ಲಿ ಮೂರೂಕಾಲಿಗೆ ನಾನು ಬಾಗಿಲಲ್ಲಿ ನಿಂತು, ಕರೆದುಕೊಂಡು ಹೋಗಲು ಬಂದವರ ಮುಖ ನೋಡಿ, ಒಂದೊಂದೇ ಮಗುವನ್ನು ಒಪ್ಪಿಸಬೇಕು. ಪಟ್ಟಿಯಲ್ಲಿ ಹೆಸರಿಲ್ಲದ ಚಿಕ್ಕಪ್ಪ ಬಂದರೆ, ಮಗು ಓಡಿಹೋಗಿ ತಬ್ಬಿಕೊಂಡರೂ, ಮನೆಗೆ ಫೋನ್ ಮಾಡಿ ಕೇಳದೆ ಕಳಿಸುವ ಹಾಗಿಲ್ಲ. ಶುರುವಿನಲ್ಲಿ ಹೀಗೆ ಒಬ್ಬರನ್ನು ತಡೆದು ನಿಲ್ಲಿಸಿದಾಗ ನನಗೇ ನಾಚಿಕೆಯಾಗಿತ್ತು. ಮನೆಯವರನ್ನು ಹೀಗಾ ಅನುಮಾನಿಸುವುದು ಅಂತ.

ಊರಿನ ಬಿ.ಎಡ್.ಗೆ ಇಲ್ಲಿ ನೇರವಾಗಿ ಕ್ಯೂ.ಟಿ.ಎಸ್. ಸಿಗಲಿಲ್ಲ, ಅಂದರೆ ಪೂರ್ಣ ಪ್ರಮಾಣದ ಶಿಕ್ಷಕಿ ಎಂಬ ಮಾನ್ಯತೆ. ಎರಡು ವರ್ಷ ಸಹಾಯಕಿಯಾಗಿ ಪೆನ್ಸಿಲ್ ಹೆರೆದೆ, ತರಚಿದ ಮಂಡಿ ತೊಳೆದೆ. ಆಮೇಲೆ ಒಂದು ವರ್ಷ ಮತ್ತೆ ಓದಿ ಪಿ.ಜಿ.ಸಿ.ಇ. ಎಂಬ ಇಲ್ಲಿನ ಶಿಕ್ಷಕ ತರಬೇತಿ ಮಾಡಿದೆ. ಈಗ ನನ್ನದು ಇಯರ್ ಫೋರ್, ಎಂಟು-ಒಂಬತ್ತು ವಯಸ್ಸಿನ ಮಕ್ಕಳು. ಹೆಚ್ಚುಕಡಿಮೆ ಎಲ್ಲ ವಿಷಯಕ್ಕೂ ನಾನೇ: ಭಿನ್ನರಾಶಿ, ರೋಮನ್ ಸೈನಿಕರು, ಬಲ್ಬು-ಬ್ಯಾಟರಿ, ಹಲ್ಲಿನ ವಿಧಗಳು. ನನ್ನನ್ನು ಯಾರೂ ಹೆಸರು ಹಿಡಿದು ಕರೆಯುವುದಿಲ್ಲ. ಬರೀ "ಮಿಸ್". 2023ರ ಸೆಪ್ಟೆಂಬರಿನಿಂದ ಲಂಡನ್ನಿನ ಸರ್ಕಾರಿ ಪ್ರಾಥಮಿಕ ಶಾಲೆಗಳ ಎಲ್ಲ ಮಕ್ಕಳಿಗೂ ಮಧ್ಯಾಹ್ನದ ಊಟ ಉಚಿತ. ನಮ್ಮ ಬಿಸಿಯೂಟ ನೋಡಿ ಬಂದವಳಿಗೆ ಇದನ್ನು ಇಷ್ಟು ತಡವಾಗಿ ಮಾಡಿದರಲ್ಲ ಅನ್ನಿಸಿತು. ಸಾರಿನ ಮಾತು ಬಿಡಿ, ಬೇಯಿಸಿದ ಬಟಾಣಿಗೆ ಉಪ್ಪೂ ಇರುವುದಿಲ್ಲ.

ಜೂನ್ ಬಂದರೆ ನನ್ನ ತರಗತಿಗೆ ಮಗ್ಗಿಯ ಪರೀಕ್ಷೆ. ಇಡೀ ಇಂಗ್ಲೆಂಡಿನಲ್ಲಿ ಇಯರ್ ಫೋರ್ ಮಕ್ಕಳು ಕಂಪ್ಯೂಟರ್ ಮುಂದೆ ಕೂತು 25 ಪ್ರಶ್ನೆಗೆ ಉತ್ತರಿಸಬೇಕು, ಹನ್ನೆರಡರ ಮಗ್ಗಿಯವರೆಗೆ, ಒಂದೊಂದಕ್ಕೆ 6 ಸೆಕೆಂಡು. 2022ರಿಂದ ಕಡ್ಡಾಯ. ಪಾಸು-ಫೇಲು ಇಲ್ಲ, ಆದರೆ ಅದನ್ನು ಮಕ್ಕಳ ಹೊಟ್ಟೆಗೆ ಹೇಳುವವರು ಯಾರು? ಆ ವಾರ ಹೊಟ್ಟೆನೋವು ಜಾಸ್ತಿ. ನಾನು ಏಳರ ಮಗ್ಗಿಯನ್ನು ನಮ್ಮ ರಾಗದಲ್ಲಿ, ಚಪ್ಪಾಳೆ ತಟ್ಟಿ, "ಏಳೊಂದ್ಲ ಏಳು, ಏಳೆರಡ್ಲ ಹದಿನಾಲ್ಕು" ಅಂತ ಹಾಡಿ ತೋರಿಸಿದೆ. ಅರ್ಥವಾಗದಿದ್ದರೂ ಅವರಿಗೆ ರಾಗ ಹಿಡಿಸಿತು. ಅದೇ ರಾಗಕ್ಕೆ ಇಂಗ್ಲಿಷ್ ಅಂಕಿ ಕೂರಿಸಿಕೊಂಡರು. ಆರು ಸೆಕೆಂಡಿನಲ್ಲಿ ತಿಳಿಯುವುದು ಅರ್ಧ ಗಣಿತ, ಅರ್ಧ ಬೆರಳಿನ ಚುರುಕು ಅನ್ನುವುದು ನನ್ನ ತಕರಾರು. ಮಗ್ಗಿ ಬಾಯಿಗೆ ಬರಲೇಬೇಕು ಅನ್ನುವುದರಲ್ಲಿ ಮಾತ್ರ ನಾನು ಹಳೇ ಮೇಷ್ಟರ ಕಡೆಯವಳು.

ಊರಿಗೆ ಫೋನ್ ಮಾಡಿದಾಗ ಅಮ್ಮ ಕೇಳುತ್ತಾಳೆ, "ಮೂರೂಕಾಲಿಗೆ ಬಿಡುತ್ತೆ ಅಂತೀಯ, ಅದೇನೇ ಅಷ್ಟು ಸುಸ್ತು?" ಕಾಪಿ ತಿದ್ದುವುದು, ನಾಳೆಯ ಪಾಠ ಹೊಂದಿಸುವುದು, ತಂದೆತಾಯಿಗೆ ಇಮೇಲ್ ಅಂತ ಏನೋ ಹೇಳಿ ಮುಗಿಸುತ್ತೇನೆ. ಸುಸ್ತು ಅದರಿಂದಲ್ಲ.

ಕಳೆದ ಚಳಿಗಾಲದಲ್ಲಿ ಒಂದು ಹುಡುಗಿ ಆಟದ ಹೊತ್ತಿನಲ್ಲಿ ಹೊರಗೆ ಹೋಗದೆ ನನ್ನ ಮೇಜಿನ ಹತ್ತಿರ ನಿಂತಳು. "ಮಿಸ್, ಒಂದು ವಿಷಯ ಹೇಳ್ತೀನಿ, ಯಾರಿಗೂ ಹೇಳಲ್ಲ ಅಂತ ಪ್ರಾಮಿಸ್ ಮಾಡಿ." ಊರಲ್ಲಾಗಿದ್ದರೆ "ಇಲ್ಲ ಪುಟ್ಟಿ, ಹೇಳು" ಅಂದುಬಿಡುತ್ತಿದ್ದೆ. ಇಲ್ಲಿ ಹಾಗೆ ಮಾತು ಕೊಡುವಂತಿಲ್ಲ. ಮಗುವಿಗೆ ಅಪಾಯ ಇರಬಹುದಾದ ಮಾತನ್ನು ಅದಕ್ಕೆಂದೇ ನೇಮಿಸಿದವರಿಗೆ ಅದೇ ದಿನ ಮುಟ್ಟಿಸಬೇಕು. ಕೆದಕಿ ಕೇಳಬಾರದು, ಅವಳ ಮಾತನ್ನು ಅವಳ ಪದಗಳಲ್ಲೇ ಬರೆದಿಡಬೇಕು. "ಪ್ರಾಮಿಸ್ ಮಾಡೋಕಾಗಲ್ಲಮ್ಮ, ಸಹಾಯ ಮಾಡೋರಿಗೆ ಹೇಳಬೇಕಾಗಬಹುದು" ಅಂದೆ. ಅವಳು ಸ್ವಲ್ಪ ಹೊತ್ತು ನನ್ನನ್ನೇ ನೋಡಿದಳು. ಆಮೇಲೆ ಹೇಳಿದಳು. ಏನು ಅನ್ನುವುದನ್ನು ಇಲ್ಲಿ ಬರೆಯಲಾರೆ. ನಾನು ಬರೆದು ಕೊಟ್ಟೆ, ಮುಂದಿನದನ್ನು ನೋಡಬೇಕಾದವರು ನೋಡಿಕೊಂಡರು. ಅಷ್ಟರಲ್ಲಿ ಗಂಟೆಯಾಯಿತು. ಬಾಗಿಲಿಗೆ ಹೋಗಿ ಮತ್ತೆ ಒಂದು, ಎರಡು, ಮೂರು.

ಎರಡು ವಾರ ಅವಳು ನನ್ನ ಮುಖ ನೋಡಲಿಲ್ಲ. ಒಂದು ಮಧ್ಯಾಹ್ನ ಬಂದು ಅಂಗೈ ಚಾಚಿದಳು: ಉದುರಿದ ಹಲ್ಲು. ಇಲ್ಲಿನ ಮಕ್ಕಳು ಅದನ್ನು ದಿಂಬಿನಡಿ ಇಟ್ಟು ಮಲಗಿದರೆ ಹಲ್ಲಿನ ಕಿನ್ನರಿ ಬಂದು ಕಾಸು ಇಟ್ಟು ಹೋಗುತ್ತಾಳೆ. ನಮ್ಮೂರಲ್ಲಿ ಹೆಂಚಿನ ಮೇಲೆ ಎಸೆಯುತ್ತೇವೆ ಅಂದೆ. "ಅದಕ್ಕೆ ಎಷ್ಟು ದುಡ್ಡು ಕೊಡ್ತಾರೆ?" ಅಂತ ಕೇಳಿದಳು. ಏನೂ ಇಲ್ಲ ಅಂದಾಗ ಪೂರ್ತಿ ಹಲ್ಲು ಕಾಣುವಂತೆ, ಅಂದರೆ ಒಂದು ಕಮ್ಮಿ, ನಕ್ಕಳು. ಲಕೋಟೆಗೆ ಹಾಕಿ ಹೆಸರು ಬರೆದು ಕೊಟ್ಟೆ.

ಇನ್ನು ಈಜು. ಪ್ರಾಥಮಿಕ ಶಾಲೆ ಮುಗಿಸುವುದರೊಳಗೆ ಪ್ರತಿ ಮಗುವೂ ಕನಿಷ್ಠ 25 ಮೀಟರ್ ಈಜಬೇಕು ಅಂತ ಪಠ್ಯಕ್ರಮದಲ್ಲೇ ಇದೆ. ಗೊರೂರಿನ ಹಿನ್ನೀರು ನೋಡುತ್ತ ಬೆಳೆದರೂ ನಾನು ಮಂಡಿಗಿಂತ ಮೇಲೆ ನೀರಿಗಿಳಿದವಳಲ್ಲ. ಕಲಿಸುವವರು ಕೊಳದವರೇ, ಪುಣ್ಯ. ನನ್ನ ಪಾಲಿಗೆ ಒದ್ದೆ ತಲೆ, ಕಳೆದುಹೋದ ಕನ್ನಡಕ, ತಿರುವುಮುರುವಾದ ಪ್ಯಾಂಟು, ಮತ್ತೆ ಎಣಿಕೆ. ಮೊನ್ನೆ ಬಸ್ಸು ಹತ್ತಿ ಎಣಿಸುತ್ತಿದ್ದೆ. ಮಧ್ಯದಲ್ಲಿ ಯಾರೋ ಮೂಗಿನಲ್ಲಿ ರಕ್ತ ಅಂದರು, ಲೆಕ್ಕ ತಪ್ಪಿತು. ಡ್ರೈವರ್ ಹೊರಡಲು ಕನ್ನಡಿಯಲ್ಲಿ ನನ್ನನ್ನೇ ನೋಡುತ್ತಿದ್ದಾನೆ. ಮುಂದಿನ ಸೀಟಿನಲ್ಲಿದ್ದ ರೊಮೇನಿಯಾದ ಹುಡುಗ, ದಿನಾ ಸಾಲಿನ ತುದಿಯಲ್ಲಿ ನಿಂತು ನನ್ನ ತುಟಿ ನೋಡುವವನು, ಹಿಂದೆ ತಿರುಗಿ ಬೆರಳು ಮಡಚುತ್ತ ಹೋದ.

"ಮಿಸ್, ಇಪ್ಪತ್ತೊಂಬತ್ತು."

ಮೂವತ್ತನೆಯವನು ಬಟ್ಟೆ ಬದಲಿಸುವ ಕೋಣೆಯಲ್ಲಿ ಒಂದು ಕಾಲಿನ ಕಾಲುಚೀಲ ಹುಡುಕುತ್ತ ಕೂತಿದ್ದ.