ಲಿಲಾವಿಗೆ ಬಂದ ರೊಟ್ಟಿ

ಸುಗ್ಗಿ ಹಬ್ಬದ ದಿನ ನಮ್ಮ ಚರ್ಚಿನಲ್ಲಿ ನನಗೆ ಒಂದೇ ಕೆಲಸ. ಲಿಲಾವಿನ ಲೆಕ್ಕ ಬರೆಯುವುದು. ಯಾರು ಏನು ತಂದರು, ಯಾರು ಎಷ್ಟಕ್ಕೆ ಹಿಡಿದರು, ರೊಕ್ಕ ಕೊಟ್ಟರೋ ಉದ್ರಿ ಹೇಳಿದರೋ. ಉದ್ರಿಯೇ ಜಾಸ್ತಿ, ಆ ಮಾತು ಬೇಡ ಬಿಡಿ.

ನಮ್ಮದು ಬಾಗಲಕೋಟೆಯ ಒಂದು ಸಣ್ಣ ಸಭೆ. ಹಬ್ಬಕ್ಕೆ ಹೊಲ ಇದ್ದವರು ಬೆಳೆಯಲ್ಲಿ ಒಂದು ಪಾಲು ತಂದು ದೇವರ ಮುಂದೆ ಇಡುತ್ತಾರೆ. ಗೋವಿನಜೋಳ, ಶೇಂಗಾ, ಸಜ್ಜೆ, ಕುಂಬಳಕಾಯಿ, ಕಬ್ಬು. ಹೊಲ ಇಲ್ಲದವರು ಕೋಳಿ, ತತ್ತಿ, ಮನೆಯ ಉಪ್ಪಿನಕಾಯಿ ತರುತ್ತಾರೆ. ಆರಾಧನೆ ಮುಗಿದ ಮೇಲೆ ಅಂಗಳದಲ್ಲಿ ಲಿಲಾವು. ರೊಕ್ಕ ಸಭೆಗೆ. ಒಂದು ತತ್ತಿ ನೂರು ರೂಪಾಯಿಗೆ ಹೋಗುತ್ತದೆ. ಹಿಡಿದವರು ಅದನ್ನು ತಿರುಗಿ ಕಾಣಿಕೆ ಕೊಡುತ್ತಾರೆ. ಮತ್ತೆ ಅದೇ ತತ್ತಿಯ ಲಿಲಾವು. ಒಂದು ವರ್ಷ ಒಂದೇ ತತ್ತಿ ಆರು ಸಲ ಮಾರಾಟವಾಗಿತ್ತು. ಏಳನೇ ಸಲ ಕೈಜಾರಿ ಒಡೆಯಿತು. ಇಲ್ಲದಿದ್ದರೆ ಚರ್ಚಿಗೆ ಸುಣ್ಣ ಬಳಿಯುವಷ್ಟು ರೊಕ್ಕ ಬರುತ್ತಿತ್ತೇನೋ.

ಈಗ ಹೇಳಹೊರಟಿದ್ದು ಹೋದ ಹಬ್ಬದ ದಿನ ನಾನು ಮಾಡಿಕೊಂಡ ಫಜೀತಿ.

ನಮ್ಮಲ್ಲಿ ಸ್ವಾಗತ ಸಮಿತಿ ಅಂತ ಒಂದಿದೆ. ಹೊಸಬರು ಬರುತ್ತಾರೆ, ನಾಲ್ಕು ವಾರ ಕೂತು ಮತ್ತೆ ಕಾಣುವುದಿಲ್ಲ, ಯಾಕೆ ಅಂತ ಕಮಿಟಿಯಲ್ಲಿ ಚರ್ಚೆಯಾಗಿ ಹುಟ್ಟಿದ್ದು. ಇಬ್ಬರು ಬಾಗಿಲಲ್ಲಿ ನಿಲ್ಲಬೇಕು. ಕೈ ಮುಗಿಯಬೇಕು, ಹಾಡಿನ ಪುಸ್ತಕ ಕೊಡಬೇಕು. ನಾನೂ ಅದರಲ್ಲಿದ್ದೇನೆ. ಒಬ್ಬ ಅಕ್ಕನಿಗೆ ಏಳು ತಿಂಗಳು ಪ್ರತಿ ಭಾನುವಾರ ಕೈ ಮುಗಿದು ಪುಸ್ತಕ ಕೊಟ್ಟಿದ್ದೇನೆ. ಹೆಸರು ಕೇಳಿರಲಿಲ್ಲ.

ಆಕೆ ಇಬ್ಬರು ಗಂಡುಮಕ್ಕಳನ್ನು ಕರೆದುಕೊಂಡು ಬರುತ್ತಿದ್ದರು. ಕಡೇ ಬೆಂಚು, ಚಪ್ಪಲಿ ಬಿಡುವ ಜಾಗದ ಪಕ್ಕ. ಆರಾಧನೆಯ ಕಡೆಗೆ ಪಾಸ್ಟರ್ ಹೇಳುವ ಆಶೀರ್ವಾದಕ್ಕೆ ಮುಂಚೆಯೇ ಎದ್ದು ಹೋಗಿಬಿಡುತ್ತಿದ್ದರು. "ಆಶೀರ್ವಾದಕ್ಕೂ ನಿಲ್ಲಂಗಿಲ್ಲ ನೋಡ್ರಿ, ಮಂದಿ ಜೋಡಿ ಬೆರೆಯೂ ಸ್ವಭಾವ ಅಲ್ಲ ಆಕೀದು" ಅಂತ ನಮ್ಮ ನಮ್ಮಲ್ಲೇ ತೀರ್ಮಾನವೂ ಆಗಿತ್ತು.

ಮುಂದಿನ ಬೆಂಚಿಗೆ ಬನ್ನಿ ಅಂತ ಯಾರೂ ಕರೆಯಲಿಲ್ಲ. ಕರೆಯೋದಾದರೂ ಎಲ್ಲಿಗೆ? ನಮ್ಮಲ್ಲಿ ಬೆಂಚುಗಳಿಗೆ ಹೆಸರು ಬರೆದಿಲ್ಲ, ಆದರೆ ಯಾವುದು ಯಾರ ಮನೆಯದು ಅಂತ ಎಲ್ಲರಿಗೂ ಗೊತ್ತು. ಎಡಗಡೆ ಮೂರನೆಯದು ನಮ್ಮದು. ಒಂದು ಸಲ ನೆಂಟರೊಬ್ಬರು ಗೊತ್ತಿಲ್ಲದೆ ಬೇರೆಯವರ ಬೆಂಚಿನಲ್ಲಿ ಕೂತಾಗ, ಆ ಮನೆಯವರು ಏನೂ ಅನ್ನದೆ ಪಕ್ಕದಲ್ಲೇ ನಿಂತುಕೊಂಡಿದ್ದರು. ನೆಂಟರು ತಾವಾಗಿ ಎದ್ದರು.

ನಾವು ಹೀಗಿರಬಾರದಿತ್ತು. ನಮ್ಮಲ್ಲಿ ಅರ್ಧಕ್ಕರ್ಧ ಮನೆಗಳು ಮುಳುಗಡೆಯವು. ಆಲಮಟ್ಟಿಯ ಹಿನ್ನೀರು ಘಟಪ್ರಭೆಯುದ್ದಕ್ಕೂ ಏರಿ ಬಂದಾಗ ಹಳೇ ಊರಿನ ಮನೆ ಬಿಟ್ಟು ನವನಗರದ ಸೆಕ್ಟರ್‌ಗಳಿಗೆ ಹೋದವರು. ಓಣಿಯ ಹೆಸರು ಹೋಗಿ ಪ್ಲಾಟ್ ನಂಬರ್ ಬಂದಿತ್ತು. ಪಕ್ಕದ ಮನೆಯವರು ಯಾರು ಅಂತ ಗೊತ್ತಾಗಲು ವರ್ಷ ಹಿಡಿಯಿತು ಅಂತ ನಮ್ಮವ್ವ ಈಗಲೂ ಹೇಳುತ್ತಾಳೆ. ಅದಕ್ಕೂ ಹಿಂದಿನ ಕತೆ ಗುಳೇದಗುಡ್ಡದ್ದು. ಕ್ರೈಸ್ತ ಧರ್ಮ ಸಾರುವ ಬಾಸೆಲ್ ಮಿಶನ್‌ನವರು 1851ರಲ್ಲಿ ಅಲ್ಲಿಗೆ ಬಂದರು. ಖಣ ನೇಯುತ್ತಿದ್ದ ನಮ್ಮ ಮುತ್ತಜ್ಜ ಬಹಳ ವರ್ಷಗಳ ಮೇಲೆ ಸಭೆಗೆ ಸೇರಿದ. ಮನೆಯವರು ಹೊರಗೆ ಹಾಕಿದರು. ಆಗ ಸಭೆಯವರೊಬ್ಬರ ಪಡಸಾಲೆಯಲ್ಲಿ ಆರು ತಿಂಗಳು ಮಗ್ಗ ಇಟ್ಟುಕೊಂಡಿದ್ದನಂತೆ. ಯೋಚಿಸಿ, ಮಗ್ಗ ಅಂದರೆ ಪಡಸಾಲೆಯಲ್ಲಿ ಇನ್ನೇನು ಜಾಗ ಉಳಿಯುತ್ತದೆ? ಅವನ ಮರಿಮಗ ನಾನು, ಬೆಂಚಿನಲ್ಲಿ ಒಂದು ಗೇಣು ಸರಿಯದವನು.

ಹಬ್ಬಕ್ಕೆ ಮೂರು ವಾರ ಮುಂಚೆ ಕಮಿಟಿ ಒಂದು ಠರಾವು ಮಾಡಿತು. ಹತ್ತು ಬಡ ಮನೆಗಳಿಗೆ ಒಂದೊಂದು ಸೀರೆ, ಹತ್ತು ಕಿಲೋ ಅಕ್ಕಿ. ಒಂಬತ್ತು ಹೆಸರು ಬೇಗ ಸಿಕ್ಕವು. ಹತ್ತನೆಯದಕ್ಕೆ ಎಲ್ಲರೂ ಫ್ಯಾನ್ ನೋಡುತ್ತಾ ಕೂತಾಗ "ಕಡೇ ಬೆಂಚಿನ ಅಕ್ಕಾರು?" ಅಂದವನು ನಾನೇ. ಆಕೆ ಬಡವಿ ಅಂತ ನನಗೆ ಹೇಗೆ ಗೊತ್ತು? ಚಪ್ಪಲಿ ನೋಡಿದ್ದೆ, ಅಷ್ಟೇ. ಹೆಸರನ್ನು ಸಂಡೇ ಸ್ಕೂಲ್ ಟೀಚರ್ ಹತ್ತಿರ ಕೇಳಿ ಬರೆದುಕೊಂಡೆ. ಹಬ್ಬದ ಹಿಂದಿನ ದಿನ ಪಟ್ಟಿಯನ್ನು ಯಾರೋ ನೋಟಿಸ್ ಬೋರ್ಡಿಗೂ ಅಂಟಿಸಿಬಿಟ್ಟರು.

ಹಬ್ಬದ ದಿನ ಬೆಳಿಗ್ಗೆ ಬಾಗಿಲ ಪಕ್ಕ ಟೇಬಲ್ ಹಾಕಿಕೊಂಡು ಕೂತಿದ್ದೆ. ಆ ಅಕ್ಕ ಬಂದರು. ಕೈಯಲ್ಲಿ ಬಿಳೀ ಅರಿವೆಯ ಗಂಟು, ಮೇಲೊಂದು ಸ್ಟೀಲ್ ಡಬ್ಬಿ.

"ಬರ್ಕೊಳ್ರಿ. ಸಜ್ಜಿ ರೊಟ್ಟಿ ಇಪ್ಪತ್ನಾಕು, ಶೇಂಗಾ ಹಿಂಡಿ ಒಂದು ಡಬ್ಬಿ."

"ಹೆಸರು ಏನ್ರಿ ಅಕ್ಕಾರ?"

ಆಕೆ ನನ್ನನ್ನು ನೋಡಿದರು. "ಯಾಕ್ರಿ, ಅಲ್ಲಿ ಬೋರ್ಡಿನ ಮ್ಯಾಲೆ ಬರದೀರಲ್ಲಾ."

ನನ್ನ ಪೆನ್ನು ನಿಂತಿತು. ಸಿಟ್ಟಿನಿಂದ ಅಂದಿದ್ದರೆ ಏನಾದರೂ ಸಮಜಾಯಿಷಿ ಹೇಳಬಹುದಿತ್ತು. ಸಿಟ್ಟಿರಲಿಲ್ಲ.

"ಒಂದ್ ಮಾತ್ ಕೇಳಿದ್ರ ಬ್ಯಾಡ ಅಂತಿದ್ನಿರಿ. ಹೋಗ್ಲಿ ಬಿಡ್ರಿ, ಮೊದಲ ರೊಟ್ಟಿ ಬರ್ಕೊಳ್ರಿ."

ಬರೆದುಕೊಂಡೆ. ಹದಿನೇಳನೇ ನಂಬರ್.

ಪಾಸ್ಟರ್ ಅವತ್ತು ಬೈಬಲಿನ ರೂತಳ ಕತೆ ತೆಗೆದುಕೊಂಡಿದ್ದರು. ಸುಗ್ಗಿ ಹಬ್ಬಕ್ಕೆ ಅದು ವಾಡಿಕೆ. ನೂರು ಸಲ ಕೇಳಿದ್ದು, ಅರ್ಧ ಕಿವಿಯಲ್ಲಿ ಕೇಳುತ್ತಿದ್ದೆ. ಪರದೇಶದ ಹೆಣ್ಣುಮಗಳು ಬೋವಜನ ಹೊಲದಲ್ಲಿ ಹಕ್ಕಲು, ಅಂದರೆ ಕೊಯ್ಲಿನಲ್ಲಿ ಬಿದ್ದುಳಿದ ತೆನೆ, ಆಯಲು ಬರುತ್ತಾಳೆ. ಅವನು ಆಳುಗಳಿಗೆ ಹೇಳುತ್ತಾನೆ, ಸಿವುಡಿನಿಂದ ಬೇಕಂತಲೇ ತೆನೆ ಎಳೆದು ಬಿಡಿ, ಆಕೆ ಆಯ್ದುಕೊಳ್ಳಲಿ, ಗದರಿಸಬೇಡಿ. ಅವತ್ತು ಅಲ್ಲಿಗೆ ಬಂದಾಗ ಕಿವಿ ಪೂರ್ತಿ ತೆರೆಯಿತು. ಸೀದಾ ಒಂದು ಮೂಟೆ ಕೊಟ್ಟು ಕಳಿಸಬಹುದಿತ್ತಲ್ವಾ ಅವನು? ಆಳುಗಳನ್ನು ಕರೆದು, ಎಲ್ಲರೆದುರು? ಹಾಗೆ ಮಾಡಲಿಲ್ಲ. ಊಟದ ಹೊತ್ತಿಗೆ ಕೊಯ್ಯುವವರ ಜೊತೆಗೇ ಕೂರಿಸಿಕೊಂಡ.

ಲಿಲಾವು ಕೂಗುವವರು ರಿಟೈರಾದ ಮಾಸ್ತರರು. ಮೈಕು ಬೇಡದ ಗಂಟಲು. ಹದಿನಾರನೇ ನಂಬರ್ ಶೇಂಗಾ ಚೀಲ ಹೋಯಿತು. ಆಮೇಲೆ ರೊಟ್ಟಿಯ ಗಂಟು ಎತ್ತಿ ನೋಡಿ, "ಇವು ಊಟಕ್ಕ ಇರ್ಲಿ" ಅಂತ ಪಕ್ಕಕ್ಕೆ ಇಟ್ಟು ಕುಂಬಳಕಾಯಿ ಹಿಡಿದರು. ಅವರ ಮನಸ್ಸಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ. ದಿನಾ ತಿನ್ನುವ ರೊಟ್ಟಿಯನ್ನು ಯಾರು ಹಿಡಿಯುತ್ತಾರೆ ಅಂದುಕೊಂಡಿರಬೇಕು. ನಾನು ಆಗಲೇ ಬಾಯಿ ಬಿಡಬೇಕಿತ್ತು. ಕುಂಬಳಕಾಯಿ ಹೋಯಿತು, ಒಂದು ಹುಂಜವೂ ಹೋಯಿತು. ಆಮೇಲೆ ಎದ್ದು ನಿಂತೆ.

"ಮಾಸ್ತರ, ಹದಿನೇಳು ಬಿಟ್ಟೈತ್ರಿ."

ಗಂಟು ಬಿಚ್ಚಿದರು. ಕಡಕ್ ರೊಟ್ಟಿ, ಎಲ್ಲಾ ಒಂದೇ ಅಳತೆ, ಮೇಲೆ ಬಿಳೀ ಎಳ್ಳು. ಐವತ್ತರಿಂದ ಶುರುವಾಯಿತು. ಮುಂದಿನ ಬೆಂಚಿನ ಒಬ್ಬ ಆಯಿ, ಎಂಬತ್ತು ದಾಟಿದವರು, ಎದ್ದು ಬಂದು ಒಂದು ರೊಟ್ಟಿಯ ಅಂಚು ಮುರಿದು ಬಾಯಿಗೆ ಹಾಕಿಕೊಂಡರು. ಲಿಲಾವಿನಲ್ಲಿ ಹಾಗೆ ಮಾಡುವಂತಿಲ್ಲ. ಆಯಿಗೆ ಯಾರು ಹೇಳಬೇಕು? ಅಗಿದು ಮುಗಿಯುವ ತನಕ ಇಡೀ ಅಂಗಳ ಕಾಯಿತು. "ನೂರಾ ಐವತ್ತು" ಅಂದರು. ಬ್ಯಾಂಕಿನಲ್ಲಿರುವ ಹುಡುಗನೊಬ್ಬ ಪೈಪೋಟಿಗೆ ಬಿದ್ದ. ಕಡೆಗೆ 460ಕ್ಕೆ ಆಯಿಗೇ ಆಯಿತು. ದೊಡ್ಡ ರೇಟೇನಲ್ಲ. ಕುಂಬಳಕಾಯಿ 1,100ಕ್ಕೆ ಹೋಗಿತ್ತು. ಆದರೆ ಆಯಿ ಆ ಗಂಟನ್ನು ತಿರುಗಿ ಕೊಡಲಿಲ್ಲ, ಮಡಿಲಲ್ಲಿ ಇಟ್ಟುಕೊಂಡು ಕೂತರು.

ಹತ್ತನೇ ಹೆಸರನ್ನು ಅಷ್ಟರಲ್ಲಿ ನಾನು ಹೊಡೆದು ಹಾಕಿದ್ದೆ. ಉಳಿದ ಒಂಬತ್ತು ಜನರನ್ನು ಕರೆದು ಸೀರೆ ಕೊಟ್ಟರು, ಫೋಟೋ ತೆಗೆದರು. ಅವರಲ್ಲಿ ಒಬ್ಬ ಅಜ್ಜಿ ಫೋಟೋಕ್ಕೆ ಸೆರಗು ಅಡ್ಡ ಹಿಡಿದರು. ಅವರನ್ನೂ ಯಾರೂ ಕೇಳಿರಲಿಲ್ಲ ಅನ್ನುವುದು ಆಗ ಹೊಳೆಯಿತು. ಫೋಟೋ ಬೇಡ ಅನ್ನುವ ಧೈರ್ಯ ಬರಲಿಲ್ಲ. ಸುಮ್ನೆ ಲೆಕ್ಕ ಬರೆಯುತ್ತಾ ಕೂತೆ.

ಊಟದಲ್ಲಿ ಆ ಅಕ್ಕನ ಎದುರಿಗೆ ಕೂತೆ. ಕ್ಷಮಿಸಿ ಅಂದೆ. ಆಕೆ ಆ ಮಾತು ಎತ್ತಿಕೊಳ್ಳಲೇ ಇಲ್ಲ, ಬದನೆಕಾಯಿ ಪಲ್ಯಕ್ಕೆ ಗುರೆಳ್ಳು ಕಡಿಮೆ ಆಗಿದೆ ಅಂದರು. ನಿಜವಾಗಿಯೂ ಕಡಿಮೆ ಆಗಿತ್ತು. ಆಮೇಲೆ ಮಾತಿಗೆ ಮಾತು ಬಂತು. ಆಕೆ ಒಂದು ಖಾನಾವಳಿಯಲ್ಲಿ ರೊಟ್ಟಿ ಬಡಿಯುತ್ತಾರೆ.

"ಹನ್ನೊಂದಕ್ಕ ಹಂಚು ಕಾದಿರಬೇಕ್ರಿ. ನಿಮ್ಮ ಆಶೀರ್ವಾದ ಹನ್ನೊಂದೂವರಿ ಆದ್ರೂ ಬರಂಗಿಲ್ಲ. ಇವತ್ತು ಸೂಟಿ ಹಾಕಿ ಬಂದೇನಿ."

ಏಳು ತಿಂಗಳು ಬೆರೆಯದ ಸ್ವಭಾವ ಅಂತ ನಾವು ಹೇಳಿಕೊಂಡಿದ್ದು ಇದಕ್ಕೆ.

ಮುಂದಿನ ಕಮಿಟಿಯಲ್ಲಿ ಇದನ್ನು ಹೇಳಿದೆ. ಆರಾಧನೆಯನ್ನು ಎಂಟು ಗಂಟೆಗೆ ತರೋಣ ಅಂದೆ. ದೊಡ್ಡ ಜಗಳ. ವಯಸ್ಸಾದವರಿಗೆ ಚಳಿ, ಹಳ್ಳಿಯಿಂದ ಬರುವವರಿಗೆ ಬಸ್ಸಿಲ್ಲ, ಒಬ್ಬರ ಸಲುವಾಗಿ ಇಷ್ಟೆಲ್ಲಾ ಯಾಕೆ. ಎಂಟು ಗಂಟೆ ಬಿದ್ದುಹೋಯಿತು. ಎಲ್ಲಾ ಕೇಳಿಸಿಕೊಂಡ ಪಾಸ್ಟರ್ ಒಂದೇ ಪ್ರಶ್ನೆ ಹಾಕಿದರು. ಪ್ರಕಟಣೆಗೆ ನಮಗೆ ಎಷ್ಟು ಹೊತ್ತು ಬೇಕು? ಇಪ್ಪತ್ತೈದು ನಿಮಿಷ. ಮದುವೆ ಪ್ರಕಟಣೆ, ಬಾಕಿ ಚಂದಾ, ಮಹಿಳಾ ಕೂಟ, ಕಾಂಪೌಂಡ್ ಗೋಡೆ. ಅದನ್ನು ಆಶೀರ್ವಾದದ ಆಚೆಗೆ ಇಡೋಣ ಅಂದರು. ಪ್ರಸಂಗವನ್ನೂ, ಅಂದರೆ ತಮ್ಮ ಉಪದೇಶವನ್ನೂ, ಸ್ವಲ್ಪ ಕಡಿಮೆ ಮಾಡುತ್ತೇನೆ ಅಂದರು. ಅದಕ್ಕೆ ಯಾರ ವಿರೋಧವೂ ಬರಲಿಲ್ಲ.

ಈಗ ಹನ್ನೊಂದಕ್ಕೆ ಹತ್ತು ನಿಮಿಷ ಇರುವಾಗಲೇ ಆಶೀರ್ವಾದ ಆಗುತ್ತದೆ. ಅಕ್ಕ ತೆಗೆದುಕೊಂಡೇ ಹೋಗುತ್ತಾರೆ. ಅವರ ಹಿಂದೆ ಅರ್ಧ ಸಭೆಯೂ ಎದ್ದು ಹೋಗುತ್ತದೆ. ಪ್ರಕಟಣೆ ಓದುವ ಸೆಕ್ರೆಟರಿ ನನ್ನ ಜೊತೆ ಸರಿಯಾಗಿ ಮಾತಾಡುತ್ತಿಲ್ಲ.

ಹಬ್ಬ ಆಗಿ ತಿಂಗಳ ಮೇಲೆ ಒಂದು ಭಾನುವಾರ ಆಕೆ ನೇರ ಮುಂದಿನ ಬೆಂಚಿಗೆ ನಡೆದರು. ಆಯಿಯ ಹತ್ತಿರ ಬಗ್ಗಿ, "ಆಯೀ, ರೊಕ್ಕ ಸಭಾಕ್ಕ ಆತು, ರೊಟ್ಟಿ ನಿಮಗಾದ್ವು. ನನ್ನ ಅರಿವಿ?"

"ಖಾಲಿ ಅರಿವಿ ಹೆಂಗ ಕೊಡ್ಲಿ? ಶೇಂಗಾ ಬರೂದೈತಿ ಹೊಲದಿಂದ, ತಡಿ."

"ಬ್ಯಾಡ್ರಿ, ಹಂಗ ಕೊಡ್ರಿ."

"ಕೊಡಂಗಿಲ್ಲ. ಕುಂಡ್ರು."

ಇಬ್ಬರ ವಾದ ಮುಗಿಯಲಿಲ್ಲ. ಹಾಡು ಶುರುವಾಯಿತು. ಆಯಿ ಕೈ ಹಿಡಿದು ಎಳೆದು ಕೂರಿಸಿಕೊಂಡರು. ಹುಡುಗರಿಬ್ಬರು ನಮ್ಮ ಬೆಂಚಿಗೆ ಬಂದರು. ನಾನು ಸರಿದು ಕೂತೆ. ಚಿಕ್ಕವನ ಕೈಯಲ್ಲಿ ಹಾಡಿನ ಪುಸ್ತಕ ತಲೆಕೆಳಗಾಗಿತ್ತು. ತಿರುಗಿಸಿ ಕೊಟ್ಟು ಹೆಸರು ಕೇಳಿದೆ.