ತಾಳಮದ್ದಳೆಯ ಸೀಮೆಯಲ್ಲೊಂದು ಕೇಳಿಸಿಕೊಳ್ಳುವ ಕೂಟ

ಕುಂಬಳೆಯ ಪಾರ್ತಿಸುಬ್ಬನನ್ನು ಯಕ್ಷಗಾನದ ಪಿತಾಮಹನೆಂದು ಕೊಂಡಾಡುವ ಸೀಮೆ ನಮ್ಮದು. ವೇಷ, ಕುಣಿತಗಳಿಲ್ಲದೆ ಕುಳಿತು ಹಾಡು, ಮಾತುಗಳಲ್ಲೇ ನಡೆಸುವ ಯಕ್ಷಗಾನವಾದ ತಾಳಮದ್ದಳೆಯಲ್ಲಿ, ಎದುರಿನವನ ಮಾತಿನಲ್ಲಿಯೇ ಬಿರುಕು ಹುಡುಕಿ, ಅದರಿಂದಲೇ ಅವನನ್ನು ಕಟ್ಟಿಹಾಕುವ ಅರ್ಥಧಾರಿಗಳನ್ನು (ಪಾತ್ರಗಳ ಮಾತನ್ನು ಆಡುವವರನ್ನು) ರಾತ್ರಿಯಿಡೀ ಕೇಳುತ್ತ ಬೆಳೆದವರಿಗೆ ಮಾತೆಂದರೆ ಗೆಲ್ಲುವ ವಿದ್ಯೆ. ತಾಳಮದ್ದಳೆಯಲ್ಲಿ ಅದು ಸೊಗಸು. ಅಣ್ಣತಮ್ಮಂದಿರ ನಡುವೆ, ಗಂಡಹೆಂಡಿರ ನಡುವೆ ಅದೇ ವರಸೆ ನುಸುಳಿದಾಗ ಮಾತ್ರ ಮನೆಯಲ್ಲಿ ವಾರಗಟ್ಟಲೆ ಮೌನ. ಕಾಸರಗೋಡು ಜಿಲ್ಲೆಯ ಬದಿಯಡ್ಕದ ಸಮೀಪದ ನಮ್ಮೂರಿನ ಗ್ರಂಥಾಲಯದಲ್ಲಿ ಕೆಲವರು ಸೇರಿ, ದೂರದೆ ಮಾತಾಡಿ ತಾಳ್ಮೆಯಿಂದ ಕೇಳಿಸಿಕೊಳ್ಳುವ ಕರುಣೆಯ ಸಂವಹನದ ಅಭ್ಯಾಸಕ್ಕೆ ತೊಡಗಿದ್ದು ಈ ಹಿನ್ನೆಲೆಯಲ್ಲಿ. ಇಂಥ ಕೂಟವನ್ನು ತಮ್ಮ ಊರಿನಲ್ಲಿಯೂ ಕಟ್ಟಬೇಕೆಂದು ವಿಚಾರಿಸಿದವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ಈ ಕ್ರಮವನ್ನು ರೂಪಿಸಿದವರು ಅಮೆರಿಕದ ಮನಶ್ಶಾಸ್ತ್ರಜ್ಞ ಮಾರ್ಷಲ್ ರೋಸೆನ್‌ಬರ್ಗ್ (1934–2015). ಡೆಟ್ರಾಯಿಟ್ ನಗರದ 1943ರ ಜನಾಂಗೀಯ ಗಲಭೆಯನ್ನು ಬಾಲ್ಯದಲ್ಲಿಯೇ ಕಂಡ ಅವರು, ಮುಂದೆ ಮನಶ್ಶಾಸ್ತ್ರಜ್ಞ ಕಾರ್ಲ್ ರೋಜರ್ಸ್ ಅವರ ಬಳಿ ಕಲಿತು, ಗಾಂಧೀಜಿಯವರ ಅಹಿಂಸೆಯನ್ನು ನೆನೆದು ತಮ್ಮ ಪದ್ಧತಿಗೆ ಅಹಿಂಸಾತ್ಮಕ ಸಂವಹನವೆಂದು ಹೆಸರಿಟ್ಟರು. ಅದಕ್ಕಾಗಿ ಅವರು ಸಂಸ್ಥೆಯನ್ನು ಸ್ಥಾಪಿಸಿದ್ದು 1984ರಲ್ಲಿ.

ಪದ್ಧತಿಗೆ ನಾಲ್ಕು ಅಂಗಗಳಿವೆ: ಕಂಡದ್ದನ್ನು ತೀರ್ಪು ಬೆರೆಸದೆ ಹೇಳುವುದು, ಅದರಿಂದ ತನಗಾದ ಭಾವನೆಯನ್ನು ಹೇಳುವುದು, ಆ ಭಾವನೆಯ ಹಿಂದಿರುವ ಅಗತ್ಯವನ್ನು ಗುರುತಿಸುವುದು, ಕೊನೆಗೆ ಮಾಡಬಹುದಾದಂಥ ಒಂದು ಕೋರಿಕೆಯನ್ನು ಮುಂದಿಡುವುದು. ಓದುವುದಕ್ಕೆ ಸುಲಭ, ಬಾಯಿಗೆ ಬರುವುದು ಕಷ್ಟ. "ಅಣ್ಣ ನನ್ನನ್ನು ಲೆಕ್ಕಕ್ಕೇ ಇಡುವುದಿಲ್ಲ" ಎನ್ನುವುದು ಅಣ್ಣನ ಮೇಲಿನ ಆರೋಪವೇ ಹೊರತು ನೋವಿನ ವಿವರಣೆಯಲ್ಲ. "ತೋಟಕ್ಕೆ ಹೊಸ ಪಂಪು ತಂದ ಸುದ್ದಿ ನನಗೆ ಅಂಗಡಿಯವರಿಂದ ಗೊತ್ತಾಯಿತು, ಬೇಸರವಾಯಿತು, ತೋಟದ ವಿಚಾರದಲ್ಲಿ ನನ್ನ ಮಾತಿಗೂ ಜಾಗ ಇರಬೇಕು, ಮುಂದಿನ ಖರ್ಚಿಗೆ ಮೊದಲು ಒಂದು ಸಲ ಕೂತು ಮಾತಾಡುವನಾ?" ಎಂಬಲ್ಲಿಗೆ ಬರಲು ನಮ್ಮ ಸದಸ್ಯರೊಬ್ಬರಿಗೆ ಇಡೀ ಒಂದು ಭಾನುವಾರ ಹಿಡಿಯಿತು.

ಆರಂಭಿಸಲು ತರಬೇತುದಾರರೇ ಬೇಕೆಂದಿಲ್ಲ, ನಾಲ್ಕೈದು ಮಂದಿ ಸಾಕು. ಆದರೆ ಒಂದು ನಿಯಮವನ್ನು ಮೊದಲ ದಿನವೇ ಹಾಕಿಕೊಳ್ಳಬೇಕು: ಒಬ್ಬರು ಮಾತಾಡಿದ ಮೇಲೆ ಕೇಳಿದವರು ತಮಗೆ ಅರ್ಥವಾದದ್ದನ್ನು ತಿರುಗಿ ಹೇಳಬೇಕು, ಮಾತಾಡಿದವರು ಹೌದೆಂದು ತಲೆಯಾಡಿಸುವವರೆಗೆ ಸಲಹೆ ಕೊಡಬಾರದು. ನಮ್ಮ ಕಡೆಯ ಹಿರಿಯರಿಗೆ ಇದಕ್ಕಿಂತ ದೊಡ್ಡ ಶಿಕ್ಷೆ ಬೇರೆಯಿಲ್ಲ.

ಇಲ್ಲಿಯ ಇನ್ನೊಂದು ವಿಶೇಷವೆಂದರೆ ಭಾಷೆ. ಮನೆಯಲ್ಲಿ ಹವ್ಯಕ ಕನ್ನಡ, ತುಳು, ಮಲಯಾಳ, ಕೊಂಕಣಿ, ಬ್ಯಾರಿ, ಮರಾಠಿ ಆಡುವವರು ಕೂಟದಲ್ಲಿ ಸಭೆಯ ಕನ್ನಡ ಮಾತಾಡತೊಡಗಿದಾಗ ಎಲ್ಲರ ಸಿಟ್ಟೂ ಇಸ್ತ್ರಿ ಹಾಕಿದಂತೆ ನಯವಾಗಿ ಹೊರಬರುತ್ತಿತ್ತು, ಅಭ್ಯಾಸಕ್ಕೆ ಏನೂ ಉಳಿಯುತ್ತಿರಲಿಲ್ಲ. ಈಗ ಯಾರಿಗೆ ಯಾವ ಭಾಷೆಯಲ್ಲಿ ಸಿಟ್ಟು ಬರುತ್ತದೆಯೋ ಅದರಲ್ಲಿಯೇ ಹೇಳುತ್ತಾರೆ, ಕೇಳಿದವರು ತಮಗೆ ಬರುವ ಭಾಷೆಯಲ್ಲಿ ತಿರುಗಿ ಹೇಳುತ್ತಾರೆ.

ಊರಿನಲ್ಲಿ ಗುಟ್ಟು ಉಳಿಯುವುದು ಕಷ್ಟ. ಹೆಸರು ಹೇಳದೆ "ನಮ್ಮ ಒಬ್ಬ ಭಾವ" ಎಂದರೂ ಯಾವ ಭಾವನೆಂದು ಎಲ್ಲರಿಗೂ ತಿಳಿಯುತ್ತದೆ. ಆದ್ದರಿಂದ ಆಸ್ತಿಯ ಪಾಲು, ಮದುವೆ ಸಂಬಂಧದ ಸಂಗತಿಗಳನ್ನು ಕೂಟಕ್ಕೆ ತರುವುದಿಲ್ಲ. ಸಣ್ಣ ಕಿರಿಕಿರಿಗಳನ್ನೇ ತರುತ್ತೇವೆ. ಮನೆಯಲ್ಲಿ ಹೊಡೆತ ಬೀಳುತ್ತಿರುವವರಿಗೆ ಹೊಡೆಯುವವನ ಅಗತ್ಯವನ್ನು ಅರ್ಥಮಾಡಿಕೊಳ್ಳಿ ಎಂದು ಹೇಳುವುದು ಕರುಣೆಯಲ್ಲ. ಅಂಥವರ ಜೊತೆ ಕುಳಿತು ಮಹಿಳಾ ಸಹಾಯವಾಣಿ 181ಕ್ಕೆ ಕರೆ ಮಾಡಬೇಕು.

ಕೂಟ ಮುರಿಯುವ ಹಂತಕ್ಕೆ ಬಂದದ್ದು ತತ್ತ್ವದಿಂದಲ್ಲ, ತಿಂಡಿಯಿಂದ. ಸರದಿಯಂತೆ ಒಂದೊಂದು ಮನೆಯಿಂದ ಚಹಾ ಬರುತ್ತಿತ್ತು. ಒಬ್ಬರು ಚಹಾದ ಜೊತೆಗೆ ಹೋಳಿಗೆ ತಂದರು, ಮುಂದಿನವರು ಕಡುಬಿನ ಜೊತೆ ಪಾಯಸವನ್ನೂ ತಂದರು. ಸರದಿ ಹತ್ತಿರ ಬಂದವರು ಒಬ್ಬೊಬ್ಬರಾಗಿ ನೆವ ಹೇಳಿ ತಪ್ಪಿಸಿಕೊಳ್ಳತೊಡಗಿದರು. ಕೊನೆಗೆ ಬೀಡಿ ಕಟ್ಟಿ ಸಂಸಾರ ತೂಗಿಸುವ ಅಕ್ಕ ಒಬ್ಬರು, ಯಾರನ್ನೂ ದೂರದೆ, ಕಳೆದ ಸಲ ಮೇಜಿನ ಮೇಲಿದ್ದ ಪಾತ್ರೆಗಳನ್ನು ಹೆಸರಿಸಿ, ಅದನ್ನು ನೋಡಿ ತನಗೆ ಹೆದರಿಕೆಯಾಯಿತೆಂದೂ, ಎಲ್ಲರಂತೆ ತಾನೂ ತಲೆಯೆತ್ತಿ ಕೂರಬೇಕೆಂದೂ ಹೇಳಿ, ಇನ್ನು ಮೇಲೆ ಚಹಾ ಮತ್ತು ಅವಲಕ್ಕಿ ಮಾತ್ರ ಇರಲಿ ಎಂದು ಕೇಳಿದರು. ಪಾಯಸ ತಂದವರೇ ಅದನ್ನು ತಿರುಗಿ ಹೇಳಿದರು. ನಾವು ನಡೆಸಿದ ಎಷ್ಟೋ ಕೃತಕ ಅಭ್ಯಾಸಗಳಿಗಿಂತ ಅಂದಿನ ಆ ಮಾತುಕತೆ ಹೆಚ್ಚು ಕಲಿಸಿತು. ಅಲ್ಲಿಂದ ಮುಂದೆ, ಕೂಟದೊಳಗಿನ ಅಸಮಾಧಾನಕ್ಕೆ ಪ್ರತಿ ಸಲವೂ ಮೊದಲ ಅರ್ಧ ಗಂಟೆಯನ್ನು ತೆಗೆದಿಡುತ್ತಿದ್ದೇವೆ.

ದಿನಗಳ ಹೊಂದಾಣಿಕೆಯೂ ಬೇಕು. ದೀಪಾವಳಿಯಿಂದ ಪತ್ತನಾಜೆಯವರೆಗೆ (ಮೇ ತಿಂಗಳ ಕೊನೆಯ ಭಾಗದಲ್ಲಿ ಬರುವ ತುಳು ಆಚರಣೆಯ ದಿನ) ಯಕ್ಷಗಾನದ ಆಟಗಳ ಗೌಜಿ. ಮಳೆಗಾಲದಲ್ಲಿ ಎರಡು ದಿನ ಬಿಸಿಲು ಕಂಡರೆ ಅಡಿಕೆಗೆ ಕೊಳೆರೋಗದ ಮದ್ದು ಬಿಡುವ ಅವಸರ. ಬಾರದವರನ್ನು ಆಕ್ಷೇಪಿಸದೆ, ಬಂದ ಮೂವರೊಂದಿಗಾದರೂ ಹೇಳಿದ ಹೊತ್ತಿಗೆ ಶುರುಮಾಡಿ ಹೇಳಿದ ಹೊತ್ತಿಗೆ ಮುಗಿಸುತ್ತೇವೆ. ನಡೆಸುವ ಹೊಣೆಯನ್ನು ಪ್ರತಿ ಸಲ ಬೇರೊಬ್ಬರು ಹೊರುತ್ತಾರೆ. ಹನ್ನೆರಡಕ್ಕಿಂತ ಹೆಚ್ಚು ಮಂದಿಯಾದರೆ ಎಲ್ಲರಿಗೂ ಮಾತಿನ ಸರದಿ ಸಿಗುವುದಿಲ್ಲವಾದ್ದರಿಂದ ನೀರ್ಚಾಲು ಕಡೆಯವರು ಈಗ ಬೇರೆಯಾಗಿ ಸೇರುತ್ತಿದ್ದಾರೆ, ಅಲ್ಲಿ ತುಳುವೇ ಹೆಚ್ಚು.