ಹಡಗಿನಲ್ಲಿ ನಮ್ಮ 19 ಜನರ ರಾತ್ರಿ ಊಟ

ನಮ್ಮ ಮನೆ ಮಡಿಕೇರಿಯಿಂದ ಸ್ವಲ್ಪ ದೂರ, ಕಾಫಿ ತೋಟದ ಒಳಗೆ. ಎಲ್ಲರೂ ಸೇರಿದರೆ 19 ಜನ. ಒಟ್ಟಿಗೆ ಎಲ್ಲಿಗಾದರೂ ಹೋಗಬೇಕು ಅಂದರೆ ಕಾಫಿ ಕುಯ್ಲು ಮುಗಿದಿರಬೇಕು, ಮೆಣಸು ಒಣಗಿ ಚೀಲ ಸೇರಿರಬೇಕು, ಮಕ್ಕಳಿಗೆ ರಜೆ ಸಿಕ್ಕಿರಬೇಕು, ಮಳೆ ಹಿಡಿಯುವುದರೊಳಗೆ ವಾಪಸ್ ಬಂದಿರಬೇಕು. ಹಾಗಾಗಿ ಮೇ ತಿಂಗಳು. ಸಿಂಗಾಪುರದಿಂದ ಹೊರಟು ಮಲೇಷ್ಯಾದ ಪೆನಾಂಗ್, ಥಾಯ್ಲೆಂಡಿನ ಫುಕೆಟ್ ಮುಟ್ಟಿ ಬರುವ 4 ರಾತ್ರಿಯ ಹಡಗು. ಟೆಂಪೋ ಟ್ರಾವೆಲರ್‌ನಲ್ಲಿ ಕುಶಾಲನಗರ, ಮೈಸೂರು ದಾಟಿ ಬೆಂಗಳೂರು, ಅಲ್ಲಿಂದ ವಿಮಾನ.

ಊರುಗಳ ಬಗ್ಗೆ ಬೇರೆಯವರು ಬೇಕಾದಷ್ಟು ಬರೆದಿದ್ದಾರೆ. ನಾನು ಊಟದ ವಿಷಯ ಹೇಳುತ್ತೇನೆ.

ಹಡಗಿನ ದೊಡ್ಡ ಊಟದ ಹಾಲ್‌ನಲ್ಲಿ ರಾತ್ರಿ ನಮ್ಮ ಮದುವೆ ಮನೆ ಥರಾನೇ ಎರಡು ಪಂಕ್ತಿ. ಮೊದಲನೆಯದು 6 ಗಂಟೆಗೆ, ಎರಡನೆಯದು ಎಂಟರ ಮೇಲೆ. ಅಜ್ಜಿ ಮತ್ತು ಮಕ್ಕಳಿಗೋಸ್ಕರ ಮೊದಲ ಪಂಕ್ತಿ ಆರಿಸಿಕೊಂಡೆವು. ಇಲ್ಲಿ ಒಂದು ಮಾತು. ನಮ್ಮದು ಮೂರು ಬೇರೆ ಬೇರೆ ಬುಕಿಂಗ್. ಮೂರನ್ನೂ ಒಂದಕ್ಕೊಂದು ಜೋಡಿಸಿ ಅಂತ ಮೊದಲೇ ಕೇಳಿಕೊಳ್ಳದಿದ್ದರೆ ಅತ್ತೆ ಮನೆಯವರು ಒಂದು ಮೂಲೆ, ಚಿಕ್ಕಪ್ಪನ ಮನೆಯವರು ಇನ್ನೊಂದು ಪಂಕ್ತಿ ಆಗಿಬಿಡುತ್ತಿತ್ತು. ಜೊತೆಗೆ ಯಾರು ಮೀನು ಮಾಂಸ ತಿನ್ನಲ್ಲ, ಯಾರಿಗೆ ಸಕ್ಕರೆ ಕಾಯಿಲೆ ಅನ್ನುವುದನ್ನೂ ಬರೆದು ಕೊಟ್ಟಿದ್ದೆವು. 19 ಜನ ಕೂರುವ ಮೇಜು ಇಲ್ಲ. ಪಕ್ಕಪಕ್ಕದಲ್ಲಿ ಎರಡು ಮೇಜು ಸಿಕ್ಕಿತು.

ಬೆಳಿಗ್ಗೆ, ಮಧ್ಯಾಹ್ನ ಯಾರು ಎಲ್ಲಿ ಬೇಕಾದರೂ ತಿನ್ನಲಿ ಅಂತ ಬಿಟ್ಟಿದ್ದೆವು. ಮೇಲಿನ ಡೆಕ್ಕಿನ ಬಫೆಯಲ್ಲಿ 19 ಜನಕ್ಕೆ ಜಾಗ ಹಿಡಿಯೋದು ಸುಮ್ನೆ ಕಷ್ಟ, ಹಿಡಿಯಲೂ ಬಾರದು. ರಾತ್ರಿ ಊಟ ಮಾತ್ರ ಎಲ್ಲರೂ ಒಟ್ಟಿಗೆ, ಅದೊಂದು ತಪ್ಪಿಸುವ ಹಾಗಿಲ್ಲ.

ಮೊದಲ ರಾತ್ರಿ ಅಮ್ಮ ಕೂತಲ್ಲಿಂದ ಮೂರು ಸಲ ಎದ್ದಳು. ನೀರು ಯಾರಿಗೆ ಬೇಕು, ಮಗು ತಿಂತಾ ಇದೆಯಾ, ಅಂತ. ನಮ್ಮ ಮನೆಯಲ್ಲಿ ಹೆಂಗಸರು ಬಡಿಸಿ, ಗಂಡಸರು ಮಕ್ಕಳೆಲ್ಲ ಎದ್ದ ಮೇಲೆ, ಆರಿದ ಕಡಂಬುಟ್ಟು (ಅಕ್ಕಿ ತರಿಯ ಉಂಡೆ), ತಳದಲ್ಲಿ ಉಳಿದ ಪಂದಿ ಕರಿ (ಹಂದಿ ಮಾಂಸದ ಸಾರು) ಹಾಕಿಕೊಂಡು ಅಡುಗೆಮನೆಯಲ್ಲೇ ಕೂತು ಉಣ್ಣುವುದು. ನಾನು ಹುಟ್ಟಿದಾಗಿನಿಂದ ನೋಡಿರುವುದು ಅದನ್ನೇ. ಇಲ್ಲಿ ಅಜ್ಜಿ, ಅಮ್ಮ, ಚಿಕ್ಕಮ್ಮ, ಅತ್ತೆ ಎಲ್ಲರ ಮುಂದೆಯೂ ಬಿಸಿ ತಟ್ಟೆ ಒಂದೇ ಹೊತ್ತಿಗೆ ಬಂತು. ಎರಡನೇ ರಾತ್ರಿ ಅಮ್ಮ ಏಳಲಿಲ್ಲ. ಅತ್ತೆ ಹತ್ತಿರ ಅವರ ಮದುವೆಯ ಹೊಸದರಲ್ಲಿ ನಡೆದದ್ದೆಲ್ಲ ಹೇಳಿಕೊಂಡು ನಗುತ್ತಾ ಕೂತಿದ್ದಳು, ನನಗೆ ಗೊತ್ತೇ ಇಲ್ಲದ ಕತೆಗಳು.

ಊಟ ನಿಧಾನ. ಒಂದೊಂದೇ ಬಗೆ ತಂದಿಡುತ್ತಾರೆ, ಇಡೀ ಮೇಜಿನವರು ತಿಂದು ಮುಗಿಸುವ ತನಕ ಮುಂದಿನದು ಬರಲ್ಲ, ಹತ್ತಿರ ಹತ್ತಿರ ಎರಡು ಗಂಟೆ ಹಿಡಿಯುತ್ತದೆ. ಚಿಕ್ಕ ಮಕ್ಕಳಿಗೆ ಮೊದಲೇ ತಂದುಕೊಡಿ ಅಂದರೆ ಕೊಡುತ್ತಾರೆ. ಮನೆಯಲ್ಲಿ ಮಾಡಿದ ತಿಂಡಿ ಹಡಗಿಗೆ ಬಿಡಲ್ಲ ಅಂತ ಅಜ್ಜಿಯ ಮಿಡಿ ಉಪ್ಪಿನಕಾಯಿ ಊರಲ್ಲೇ ಬಿಟ್ಟಿದ್ದೆವು, ಅದೊಂದು ಕೊರಗು ಅಜ್ಜಿಗೆ. ಬಡಿಸುವ ಹುಡುಗನಿಗೆ ಅದು ಹೇಗೋ ಅರ್ಥವಾಯಿತು. ಮರುದಿನ ಕೇಳದೇನೇ ನಿಂಬೆ ಉಪ್ಪಿನಕಾಯಿ ತಂದಿಟ್ಟ.

ಫುಕೆಟ್ ದಿನ ಮಾತ್ರ ಎಡವಟ್ಟಾಯಿತು. ಅಲ್ಲಿನ ಸಮಯ ಸಿಂಗಾಪುರಕ್ಕಿಂತ 1 ಗಂಟೆ ಹಿಂದೆ. ಹಡಗಿನ ಗಡಿಯಾರ ಬದಲಾಗಿರಲಿಲ್ಲ, ಫೋನುಗಳು ತಾವೇ ಬದಲಾಗಿದ್ದವು. ಭಾವ ಮತ್ತು ಮಕ್ಕಳು ಫೋನ್ ನಂಬಿ ಇನ್ನೂ ಹೊತ್ತಿದೆ ಅಂತ ರೂಮಿನಲ್ಲೇ ಮಲಗಿದ್ದರು. ನಾಲ್ಕು ಕುರ್ಚಿ ಖಾಲಿ. ಅಜ್ಜಿ ಚಮಚ ಮುಟ್ಟಲಿಲ್ಲ, ಎಲ್ಲರೂ ಬರಲಿ ಅಂದರು. ಚಿಕ್ಕಪ್ಪ ಎದ್ದು ಓಡಿದರು. ಅವರೆಲ್ಲ ಬಂದು ಕೂರುವ ಹೊತ್ತಿಗೆ ಸೂಪ್ ತಣ್ಣಗಾಗಿತ್ತು, ಯಾರೂ ಏನೂ ಅನ್ನಲಿಲ್ಲ.

ಊರಿಗೆ ಬಂದ ರಾತ್ರಿ ಅಕ್ಕಿ ರೊಟ್ಟಿ, ಕೋಳಿ ಸಾರು. ಅಮ್ಮ ಎಂದಿನಂತೆ ಸೌಟು ಹಿಡಿದು ನಿಂತಿದ್ದಳು. ದೊಡ್ಡಪ್ಪ ಅದನ್ನು ಕೈಯಿಂದ ತಗೊಂಡು, ಪಾತ್ರೆಗಳನ್ನೆಲ್ಲ ಜಗಲಿಗೆ ತಂದು ನಡುವೆ ಇಟ್ಟು, 'ಎಲ್ಲರೂ ಕೂತ್ಕೊಳ್ಳಿ, ಬೇಕಾದ್ದು ಹಾಕ್ಕೊಳ್ಳೋಣ' ಅಂದರು.